ಕಡಲತೀರದಲ್ಲಿ ಕುದುರೆ ಸವಾರಿ: ಮಗಳನ್ನು ಯಾವ ಶಾಲೆಗೆ ಸೇರಿಸಲಿ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಾವಿರುವುದು ಸಮುದ್ರದ ಹತ್ತಿರ. ಮಗಳಿಗೆ 9 ವರ್ಷ, ಕುದುರೆ ಅಂದರೆ ಪ್ರಾಣ. ಅವಳ ಜೊತೆ ನಾನೂ ಕಲಿಯಬೇಕು ಅಂತ ಆಸೆ. ನನ್ನ ತೂಕ 74 ಕಿಲೋ. ಇಲ್ಲಿ ಎರಡು ಸವಾರಿ ಶಾಲೆಗಳಿವೆ. ಒಂದು ಬೀಚಿನ ಪಕ್ಕದಲ್ಲೇ ಇದೆ. ಎರಡೇ ವಾರಕ್ಕೆ ಅಲೆಯ ಅಂಚಿನಲ್ಲಿ ಕುದುರೆ ಓಡಿಸಬಹುದು ಅನ್ನುತ್ತಾರೆ. ಇನ್ನೊಂದು ಸ್ವಲ್ಪ ಒಳಗಡೆ ಇದೆ, ಬೇಲಿ ಹಾಕಿದ ಅಂಗಳ. ಅಲ್ಲಿ ಮೊದಲ ಒಂದೂವರೆ ತಿಂಗಳು ಕುದುರೆಗೆ ಹಗ್ಗ ಕಟ್ಟಿ ಸುತ್ತಿಸುವುದೇ ಪಾಠವಂತೆ. ಮಗಳಿಗೆ ಬೀಚೇ ಬೇಕು. ಮರಳು ಮೆತ್ತಗಿರುತ್ತೆ, ಬಿದ್ದರೂ ಏನಾಗಲ್ಲ. ಉಪ್ಪುನೀರು ಕುದುರೆಯ ಕಾಲಿಗೆ ಒಳ್ಳೆಯದು. ಇಲ್ಲಿನ ಕುದುರೆಗಳಿಗೆ ಸೆಕೆ ಅಭ್ಯಾಸವಾಗಿರುತ್ತೆ ಅಂತೆಲ್ಲ ಜನ ಹೇಳುತ್ತಾರೆ. ನಿಜವಾ? ಕುದುರೆಯ ಬಗ್ಗೆ ಏನೂ ಗೊತ್ತಿಲ್ಲದ ನಮ್ಮಂಥವರು ಒಳ್ಳೆಯ ಶಾಲೆ ಯಾವುದು ಅಂತ ಹೇಗೆ ತಿಳಿಯೋದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಕಾಣುತ್ತಿದೆ. ಮಗಳಿಗೆ ಪೆಟ್ಟಾಗಬಾರದು. ಅವಳ ಆಸೆಗೆ ತಣ್ಣೀರೂ ಎರಚಬಾರದು. ಎರಡೂ ಸಾಧ್ಯ. ಕರಾವಳಿಯ ಸವಾರಿ ಶಾಲೆಗಳ ಕುದುರೆಗಳಿಗೆ ಚಿಕಿತ್ಸೆ ಕೊಡುತ್ತಾ ಬಂದ ಪಶುವೈದ್ಯ ನಾನು. ಕೇಳಿದವರಿಗೆಲ್ಲ ಹೇಳುವುದು ಒಂದೇ: ಶಾಲೆಯನ್ನು ಸವಾರಿ ನೋಡಿ ಆರಿಸಬೇಡಿ, ಲಾಯ ನೋಡಿ ಆರಿಸಿ. ಸಮುದ್ರದ ಬದಿ ಕುದುರೆಗೆ ಸುಲಭದ ಜಾಗವಲ್ಲ. ಸೆಕೆ, ತೇವ, ಉಪ್ಪು, ಮರಳು ನಾಲ್ಕೂ ಅದನ್ನು ಕಾಡುತ್ತವೆ. ಇದನ್ನು ಅರಿತು ಏರ್ಪಾಡು ಮಾಡಿಕೊಂಡ ಶಾಲೆಯಲ್ಲಿ ಕುದುರೆಗೆ ನೋವಿರುವುದಿಲ್ಲ, ವಿಪರೀತ ಸುಸ್ತೂ ಇರುವುದಿಲ್ಲ. ಅಂಥ ಕುದುರೆಯ ಮೇಲೆ ಮಗುವಿಗೂ ಅಪಾಯ ಕಮ್ಮಿ. ನೋವು ತಿನ್ನುತ್ತಿರುವ ಕುದುರೆ ಎಷ್ಟೇ ಸಾಧುವಾಗಿದ್ದರೂ ಒಂದಲ್ಲ ಒಂದು ದಿನ ಎಡವುತ್ತದೆ, ಇಲ್ಲವೇ ಸವಾರನನ್ನು ಕೊಡವಿ ಹಾಕುತ್ತದೆ.

ಮೊದಲು ಜನ ಹೇಳುವ ಮಾತುಗಳನ್ನು ನೋಡೋಣ.

ಮರಳು ಮೆತ್ತಗೆ ಅನ್ನುವುದು ಅರ್ಧ ಸತ್ಯ. ಮೇಲ್ಗಡೆಯ ಒಣ ಮರಳು ಮೆತ್ತಗಿರುತ್ತದೆ ನಿಜ. ಆದರೆ ಓಡಿಸುವುದು ಅಲ್ಲಲ್ಲ, ನೀರಿನ ಅಂಚಿನ ಒದ್ದೆ ಮರಳಿನಲ್ಲಿ. ಅದು ಗಟ್ಟಿಯಾಗಿ ಕೂತಿರುತ್ತದೆ. ಓಡುವ ಕುದುರೆಯಿಂದ ಅದರ ಮೇಲೆ ಬಿದ್ದರೆ ಗಟ್ಟಿ ನೆಲದ ಮೇಲೆ ಬಿದ್ದ ಹಾಗೇ. ಕೈಮೂಳೆಯೂ ಮುರಿಯುತ್ತದೆ, ತಲೆಗೂ ಪೆಟ್ಟಾಗುತ್ತದೆ. ಇನ್ನು ಆ ಮೆತ್ತನೆಯ ಒಣ ಮರಳು ಕುದುರೆಗೆ ಕಷ್ಟದ ನೆಲ. ಗೊರಸು ಹೂತುಕೊಳ್ಳುತ್ತದೆ, ಪ್ರತಿ ಹೆಜ್ಜೆಯನ್ನೂ ಕಿತ್ತು ಇಡಬೇಕು. ಸ್ನಾಯುವನ್ನು ಮೂಳೆಗೆ ಹಿಡಿದಿಡುವ ಗಟ್ಟಿ ನಾರಿಗೆ ಟೆಂಡನ್ ಅನ್ನುತ್ತೇವೆ. ಮುಂಗಾಲಿನ ಹಿಂಬದಿಯ ಟೆಂಡನ್ ಮೇಲೆ ಇದರಿಂದ ಎಳೆತ ಜಾಸ್ತಿ ಬೀಳುತ್ತದೆ. ಒಮ್ಮೆ ಅದು ಹರಿದರೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕು, ಎಷ್ಟೋ ಸಲ ಮೊದಲಿನ ಬಲ ಬರುವುದೇ ಇಲ್ಲ. ಗಟ್ಟಿ ಮರಳಿನಿಂದ ದಿಢೀರನೆ ಸಡಿಲ ಮರಳಿಗೆ ಓಡುತ್ತಾ ಬಂದಾಗ ಕಾಲು ಕೆಡುವುದು ಜಾಸ್ತಿ.

ಉಪ್ಪುನೀರಿನ ಮಾತಿನಲ್ಲೂ ಸ್ವಲ್ಪ ಹುರುಳಿದೆ. ಬಾರ್ಬಡೋಸ್ ದ್ವೀಪದಲ್ಲಿ ರೇಸ್ ಕುದುರೆಗಳನ್ನು ಬೆಳಗ್ಗೆ ಸಮುದ್ರಕ್ಕಿಳಿಸುವುದು ವಾಡಿಕೆ. ತಣ್ಣಗಿನ ನೀರಿನಲ್ಲಿ ನಿಂತರೆ ಕಾಲಿನ ಬಾವು ಇಳಿಯುತ್ತದೆ. ನೀರು ಮೈಭಾರ ಹೊರುವುದರಿಂದ ಕೀಲಿಗೆ ಹೆಚ್ಚು ಪೆಟ್ಟಿಲ್ಲದೆ ವ್ಯಾಯಾಮವೂ ಆಗುತ್ತದೆ. ಅಂದರೆ ಗುಣ ಬಹುಪಾಲು ತಂಪಿನದು ಮತ್ತು ನೀರಿನದು. ಸಮುದ್ರದಿಂದ ಬಂದ ಮೇಲೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯದಿದ್ದರೆ ಅದೇ ಉಪ್ಪು ಚರ್ಮವನ್ನು ಒಣಗಿಸುತ್ತದೆ. ಜೀನನ್ನು ಬಿಗಿಯುವ ಹೊಟ್ಟೆಪಟ್ಟಿ ಉಜ್ಜುವ ಕಡೆ, ಮುಂಗಾಲಿನ ಹಿಂದುಗಡೆ, ಹುಣ್ಣಾಗುತ್ತದೆ. ಬಾಯಾರಿದ ಕುದುರೆ ಸಮುದ್ರದ ನೀರು ಕುಡಿದರಂತೂ ಭೇದಿ ಹತ್ತಿ, ಮೈಯಲ್ಲಿದ್ದ ನೀರೂ ಹೋಗುತ್ತದೆ.

ಸೆಕೆ ಅಭ್ಯಾಸವಾಗಿರುತ್ತೆ ಅನ್ನುವ ಮಾತಿಗೆ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ನನ್ನ ಕೈಗೆ ಬರುವ ಕೇಸುಗಳಲ್ಲಿ ತುಂಬ ಸಂಕಟ ಕೊಡುವುದು ಇದೇ.

ಕುದುರೆ ಮುಖ್ಯವಾಗಿ ತಂಪಾಗುವುದು ಬೆವರಿನಿಂದ. ಬಿಸಿಲಲ್ಲಿ ಜೋರು ಕೆಲಸ ಮಾಡುವಾಗ ಗಂಟೆಗೆ 10ರಿಂದ 15 ಲೀಟರ್ ತನಕ ಬೆವರು ಹೋಗಬಹುದು. ಅದರ ಬೆವರಿನಲ್ಲಿ ಉಪ್ಪಿನಂಶ ನಮ್ಮ ಬೆವರಿಗಿಂತ ಜಾಸ್ತಿ. ಆದರೆ ಬೆವರು ಸುಮ್ನೆ ಹರಿದು ಹೋದರೆ ತಂಪಾಗುವುದಿಲ್ಲ, ಆವಿಯಾಗಬೇಕು. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿನಂಶ ತುಂಬಿರುತ್ತದೆ, ಹಾಗಾಗಿ ಬೆವರು ಆರುವುದೇ ಇಲ್ಲ. ಒಂದೆರಡು ವಾರ ಹದವಾಗಿ ಕೆಲಸ ಕೊಡುತ್ತಾ ಬಂದರೆ ಕುದುರೆಯ ಮೈ ಸೆಕೆಗೆ ಒಂದಿಷ್ಟು ಹೊಂದಿಕೊಳ್ಳುತ್ತದೆ. ಆದರೆ ಎಷ್ಟು ಹೊಂದಿಕೊಂಡರೂ ಆರದ ಬೆವರು ಆರದು. ಕೆಲವು ಕುದುರೆಗಳಿಗೆ ವರ್ಷಗಟ್ಟಲೆ ಸೆಕೆಯಲ್ಲಿದ್ದು ಬೆವರುವುದೇ ನಿಂತುಹೋಗುತ್ತದೆ. ಬಿಸಿ ಮತ್ತು ತೇವ ಎರಡೂ ಇರುವ ಪ್ರದೇಶಗಳಲ್ಲಿ ಇದು ಗೊತ್ತಿರುವ ಕಾಯಿಲೆ. ಪಾಠ ಮುಗಿದಾಗ ಬೇರೆ ಕುದುರೆಗಳ ಮೈ ಒದ್ದೆಯಾಗಿದ್ದು, ಒಂದರ ಮೈ ಮಾತ್ರ ಒಣಗಿ ಬಿಸಿಯಾಗಿದ್ದರೆ, ಮೂಗಿನ ಹೊಳ್ಳೆ ಅರಳಿಸಿ ಅದು ಏದುಸಿರು ಬಿಡುತ್ತಿದ್ದರೆ, ಅದಕ್ಕೆ ಆವತ್ತು ಕೆಲಸ ಕೊಡಲೇಬಾರದಿತ್ತು.

ಕುದುರೆ ಸಾಕುವವರು ಬಳಸುವ ಒಂದು ಸುಲಭದ ಲೆಕ್ಕವಿದೆ. ಫ್ಯಾರನ್‌ಹೀಟ್‌ನಲ್ಲಿ ಉಷ್ಣಾಂಶ ಎಷ್ಟಿದೆಯೋ ಅದಕ್ಕೆ ಗಾಳಿಯ ತೇವಾಂಶದ ಶೇಕಡಾ ಅಂಕಿ ಕೂಡಿಸಿ. ಮೊತ್ತ 130ಕ್ಕಿಂತ ಕಮ್ಮಿ ಇದ್ದರೆ ಚಿಂತೆಯಿಲ್ಲ. 150 ದಾಟಿದರೆ ಕುದುರೆಗೆ ತಂಪಾಗುವುದು ಕಷ್ಟ, ಕೆಲಸ ಇಳಿಸಬೇಕು. 180 ಮುಟ್ಟಿದರೆ ಸವಾರಿಯೇ ಬೇಡ. 30 ಡಿಗ್ರಿ ಸೆಲ್ಸಿಯಸ್ ಅಂದರೆ 86 ಫ್ಯಾರನ್‌ಹೀಟ್. ತೇವಾಂಶ 80 ಇದ್ದರೆ ಮೊತ್ತ 166. ಬೆಳಗ್ಗೆ ತಂಪಿರುತ್ತೆ ಅಂತ ಪೂರ್ತಿ ನಂಬುವ ಹಾಗೂ ಇಲ್ಲ. 25 ಡಿಗ್ರಿ ಅಂದರೆ 77, ಮುಂಜಾನೆಯ ತೇವಾಂಶ 90 ಇದ್ದರೆ ಮೊತ್ತ 167. ಬಿಸಿಲಿಲ್ಲ ಅನ್ನುವ ಲಾಭ ಮಾತ್ರ ಬೆಳಗ್ಗೆ ಸಿಗುತ್ತದೆ. ಸೆಕೆಯ ನಾಡಿನಲ್ಲಿ ಈ ಲೆಕ್ಕದಿಂದ ಪಾಠ ನಿಲ್ಲಿಸಬೇಕಾಗಿಲ್ಲ. ಪಾಠ ಚಿಕ್ಕದಾಗಿರಬೇಕು, ನಡುವೆ ನೆರಳಿನಲ್ಲಿ ವಿಶ್ರಾಂತಿ ಇರಬೇಕು, ಒಂದೇ ಕುದುರೆಯನ್ನು ಬೆನ್ನು ಬೆನ್ನಿಗೆ ಮೂರು ನಾಲ್ಕು ಜನಕ್ಕೆ ಕೊಡಬಾರದು. 'ನಡು ಮಧ್ಯಾಹ್ನ ಪಾಠ ಇದೆಯಾ?' ಅಂತ ಎರಡೂ ಶಾಲೆಗಳಿಗೆ ಫೋನ್ ಮಾಡಿ ಕೇಳಿ. ಬೇಸಿಗೆಯ ನಡು ಮಧ್ಯಾಹ್ನಕ್ಕೂ 'ಬನ್ನಿ' ಅನ್ನುವ ಶಾಲೆಯನ್ನು ಬಿಟ್ಟುಬಿಡಿ.

ಬಿಸಿಯಾದ ಕುದುರೆಗೆ ನೀರು ಕುಡಿಸಬಾರದು, ತಣ್ಣೀರು ಸುರಿದರೆ ಸ್ನಾಯು ಹಿಡಿದುಕೊಳ್ಳುತ್ತೆ ಅನ್ನುವ ನಂಬಿಕೆ ಹಳೆಯದು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುಂಚೆ ಅಲ್ಲಿನ ಸೆಕೆಗೆ ಹೆದರಿ ಈ ಬಗ್ಗೆ ತುಂಬ ಅಧ್ಯಯನ ನಡೆಯಿತು. ಮೈತುಂಬ ತಣ್ಣೀರು ಸುರಿಯುತ್ತಾ ಇರುವುದೇ ಕುದುರೆಯನ್ನು ಬೇಗ ತಣಿಸುವ ದಾರಿ, ಅದರಿಂದ ಕೆಡುಕಿಲ್ಲ ಅಂತ ಈಗ ಗೊತ್ತಿದೆ. ಕುಡಿಯಲು ನೀರನ್ನೂ ತಡೆಯಬಾರದು. ಆದ್ದರಿಂದ ಲಾಯದಲ್ಲಿ ಕೊಳವೆನೀರು, ನೆರಳು, ತುಂಬಿದ ತೊಟ್ಟಿ ಇದೆಯಾ ನೋಡಿ. ಆರಾಮಾಗಿ ನಿಂತ ಕುದುರೆಗೂ ದಿನಕ್ಕೆ 25 ಲೀಟರ್ ಮೇಲೆ ನೀರು ಬೇಕು, ಸೆಕೆಯಲ್ಲಿ ದುಡಿಯುವ ಕುದುರೆಗೆ ಅದರ ಎರಡರಷ್ಟಾದರೂ ಆಶ್ಚರ್ಯವಿಲ್ಲ. ನೆಕ್ಕಲು ಉಪ್ಪಿನ ಗಡ್ಡೆಯೂ ಇರಬೇಕು.

ಈಗ ನೀವು ಮಾಡಬೇಕಾದ ಕೆಲಸ. ದುಡ್ಡು ಕಟ್ಟುವ ಮುಂಚೆ ಎರಡೂ ಶಾಲೆಗೆ ಒಂದೊಂದು ಸಲ ಸುಮ್ನೆ ಹೋಗಿ, ಪಾಠ ಮುಗಿಯುವ ಹೊತ್ತಿಗೆ. ಸವಾರರು ಇಳಿದ ಮೇಲೆ ಕುದುರೆಗೆ ಏನು ಮಾಡುತ್ತಾರೆ ನೋಡುತ್ತಾ ನಿಲ್ಲಿ. ಹೊಟ್ಟೆಪಟ್ಟಿ ಸಡಿಲಿಸಿ, ನೆರಳಿಗೆ ನಡೆಸಿಕೊಂಡು ಹೋಗಿ, ನೀರು ತೋರಿಸಿ, ಮೈ ತೊಳೆಯುತ್ತಾರಾ? ಅಥವಾ ಜೀನು ಬಿಚ್ಚದೆ ಬಿಸಿಲಲ್ಲೇ ಕಟ್ಟಿ ಮುಂದಿನ ಗಿರಾಕಿಯನ್ನು ಕಾಯುತ್ತಾರಾ? ಕಾಲು ಗಂಟೆ ಬಿಟ್ಟು ಅದರ ಪಕ್ಕೆ ನೋಡಿ, ಒಂದು ನಿಮಿಷಕ್ಕೆ ಎಷ್ಟು ಸಲ ಏರಿಳಿಯುತ್ತೆ ಎಣಿಸಿ. ವಿಶ್ರಾಂತಿಯಲ್ಲಿ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ಕಲಿಯುವವರ ಪಾಠದಂಥ ಹಗುರ ಕೆಲಸದ ನಂತರ, ನೆರಳಿನಲ್ಲಿ ಅಷ್ಟು ಹೊತ್ತು ನಿಂತ ಮೇಲೂ ಪಕ್ಕೆ ಜೋರಾಗಿ ಬಡಿಯುತ್ತಿದ್ದರೆ ಆ ಕುದುರೆಗೆ ಆಗುತ್ತಿಲ್ಲ ಅಂತಲೇ ಅರ್ಥ.

ಆಮೇಲೆ ಒಂದು ಗೊರಸು ಎತ್ತಿ ತೋರಿಸಿ ಅಂತ ಕೇಳಿ. ಒಳ್ಳೆಯ ಕಡೆ ಖುಷಿಯಿಂದ ತೋರಿಸುತ್ತಾರೆ. ಗೊರಸಿನ ಅಡಿಯಲ್ಲಿ ತ್ರಿಕೋನದ ಹಾಗೆ ಮೆತ್ತನೆಯ ಭಾಗವಿದೆ. ಅದರ ಸಂದಿಯಲ್ಲಿ ಕಪ್ಪು ಲೋಳೆ ಇದ್ದು ಕೊಳೆತ ವಾಸನೆ ಬಂದರೆ, ಒದ್ದೆ ನೆಲದಲ್ಲಿ ನಿಲ್ಲಿಸಿ ದಿನವೂ ಚೊಕ್ಕ ಮಾಡುತ್ತಿಲ್ಲ ಅಂತ ತಿಳಿಯಿರಿ. ಗೊರಸು ಕತ್ತರಿಸಿ ಲಾಳ ಬದಲಿಸುವುದು ಸುಮಾರು 6ರಿಂದ 8 ವಾರಕ್ಕೊಮ್ಮೆ ಆಗಬೇಕು. ಹೋದ ಸಲ ಯಾವಾಗ ಆಯಿತು ಅಂತ ಕೇಳಿದರೆ ತಡವರಿಸದೆ ಉತ್ತರ ಬರಬೇಕು.

ಮೇವನ್ನು ಎಲ್ಲಿ ಹಾಕುತ್ತಾರೆ ಅನ್ನುವುದನ್ನೂ ನೋಡಿ. ಮರಳಿನ ಮೇಲೇ ಹುಲ್ಲು ಸುರಿದರೆ ಹುಲ್ಲಿನ ಜೊತೆ ಮರಳೂ ಹೊಟ್ಟೆ ಸೇರುತ್ತದೆ. ದೊಡ್ಡ ಕರುಳಿನಲ್ಲಿ ಅದು ಕೂತು ಕೂತು ಒಂದು ದಿನ ಭಯಂಕರ ಹೊಟ್ಟೆನೋವಾಗುತ್ತದೆ, ಕುದುರೆ ಸಾಯಲೂಬಹುದು. ಒಂದಿಷ್ಟು ಹೊಸ ಲದ್ದಿಯನ್ನು ಬಕೆಟ್ ನೀರಿನಲ್ಲಿ ಕಲಕಿ ಬಿಟ್ಟರೆ ಮರಳು ತಳಕ್ಕೆ ಇಳಿಯುತ್ತದೆ. ನಾವು ಲಾಯದಲ್ಲಿ ಮಾಡುವ ಮೊದಲ ಪರೀಕ್ಷೆ ಇದು. ಮರಳು ಕಾಣದಿದ್ದರೆ ಒಳಗೆ ಇಲ್ಲವೇ ಇಲ್ಲ ಅಂತಲ್ಲ, ಕಂಡರೆ ಮಾತ್ರ ಅನುಮಾನವೇ ಬೇಡ. ತೊಟ್ಟಿಯಲ್ಲೋ ರಬ್ಬರ್ ಹಾಸಿನ ಮೇಲೋ ಮೇವು ಕೊಡುವ ಶಾಲೆಗೆ ಈ ವಿಷಯ ಗೊತ್ತಿದೆ ಅಂತ ಲೆಕ್ಕ. ಒಣಹುಲ್ಲನ್ನು ಕೈಗೆತ್ತಿಕೊಂಡು ಮೂಸಿ. ತೇವದ ಗಾಳಿಗೆ ಅದು ಬೇಗ ಬೂಸ್ಟು ಹಿಡಿಯುತ್ತದೆ. ಆ ಧೂಳಿನಿಂದ ಕುದುರೆಗೆ ಅಸ್ತಮಾ ಬರುತ್ತದೆ. ಲಾಯದಲ್ಲಿ ಎರಡು ಮೂರು ಕುದುರೆ ಕೆಮ್ಮುತ್ತಿದ್ದರೆ ಹುಲ್ಲಿನ ಉಗ್ರಾಣದ ಕಡೆ ಒಮ್ಮೆ ಕಣ್ಣು ಹಾಯಿಸಿ.

ಕುದುರೆಯ ಮೈಕಟ್ಟಿಗೆ ಒಂದು ಅಳತೆಯಿದೆ. ಡಾನ್ ಹೆನೆಕೆ 1983ರಲ್ಲಿ ಕೊಟ್ಟ ಪದ್ಧತಿ ಅದು, 1ರಿಂದ 9ರವರೆಗೆ ಅಂಕ. 5 ಅಂದರೆ ಹದವಾದ ಮೈ: ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಯಾಡಿಸಿದರೆ ಸಿಗಬೇಕು. ದೂರದಿಂದಲೇ ಎಲುಬು ಎಣಿಸಬಹುದಾದ ಕುದುರೆಯ ಮೇಲೆ ಮಗುವನ್ನು ಕೂರಿಸಬೇಡಿ. ಇನ್ನು ಮುಖ, ಬಾಲ ನೋಡಿ. ಸ್ಯೂ ಡೈಸನ್ ಎಂಬ ಪಶುವೈದ್ಯೆ, ಸವಾರಿಯ ಹೊತ್ತಿನಲ್ಲಿ ಕುದುರೆ ನೋವನ್ನು ಹೇಗೆ ತೋರಿಸುತ್ತದೆ ಅಂತ 24 ಲಕ್ಷಣಗಳ ಪಟ್ಟಿ ಮಾಡಿದ್ದಾರೆ. ಅವುಗಳಲ್ಲಿ 8 ಅಥವಾ ಜಾಸ್ತಿ ಕಂಡರೆ ಎಲ್ಲೋ ನೋವಿರುವ ಸಂಭವ ಹೆಚ್ಚು. ಪೂರ್ತಿ ಪಟ್ಟಿ ನಿಮಗೆ ಬೇಕಿಲ್ಲ. ಸವಾರ ಹತ್ತಿದಾಗ ಕಿವಿ ಹಿಂದಕ್ಕೆ ಅಂಟಿಕೊಂಡೇ ಇದೆಯಾ, ಬಾಯಿ ತೆರೆದೇ ಇದೆಯಾ, ನೊಣ ಇಲ್ಲದಿದ್ದರೂ ಬಾಲ ಮತ್ತೆ ಮತ್ತೆ ಬೀಸುತ್ತಾ ಇದೆಯಾ, ಇಷ್ಟು ಗಮನಿಸಿದರೂ ಸಾಕು. ಅದನ್ನೆಲ್ಲ 'ಸೋಮಾರಿ, ಹಟಮಾರಿ' ಅಂತ ಬೈಯುವ ಶಿಕ್ಷಕರಿಂದ ನಿಮ್ಮ ಮಗಳು ಕುದುರೆಯ ಮನಸ್ಸು ಓದುವುದನ್ನು ಕಲಿಯಲಾರಳು.

ಜೀನು ಮತ್ತು ಪಟ್ಟಿಗಳ ವಿಷಯ ಕರಾವಳಿಯಲ್ಲಿ ತುಂಬ ಮುಖ್ಯ. ಉಪ್ಪುಗಾಳಿಗೆ ಬಕಲ್ ತುಕ್ಕು ಹಿಡಿಯುತ್ತದೆ, ಹೊಲಿಗೆಯ ದಾರ ಕೊಳೆಯುತ್ತದೆ, ಚರ್ಮ ಒಣಗಿ ಬಿರಿಯುತ್ತದೆ. ಮೇಲಿಂದ ಎಣ್ಣೆ ಹಚ್ಚಿ ಮಿಂಚಿಸಿದ್ದರೆ ಇದು ಕಾಣುವುದಿಲ್ಲ. ಸವಾರ ಪಾದ ಇಡುವ ಬಳೆಗೆ ರಿಕಾಬು ಅನ್ನುತ್ತಾರೆ. ಅದರ ಪಟ್ಟಿಯನ್ನು ಬಕಲ್ ಇರುವ ಜಾಗದಲ್ಲಿ ಹಿಡಿದು ಹೆಬ್ಬೆರಳಿಂದ ಮಡಿಸಿ ನೋಡಿ. ತೂತುಗಳ ಸುತ್ತ ಸಣ್ಣ ಬಿರುಕು ಬಾಯಿ ಬಿಟ್ಟರೆ ಆ ಪಟ್ಟಿ ಯಾವತ್ತಾದರೂ ಕಿತ್ತು ಬರುತ್ತದೆ. ಜೀನಿನ ಅಂಚು ಎತ್ತಿ, ಹೊಟ್ಟೆಪಟ್ಟಿ ಸಿಕ್ಕಿಸುವ ಬಾರುಗಳ ಹೊಲಿಗೆಯನ್ನೂ ಎಳೆದು ನೋಡಿ. ಕುದುರೆ ಓಡುವಾಗ ಈ ಬಾರು ಹರಿದರೆ ಜೀನೇ ಜಾರುತ್ತದೆ, ಎಂಥ ನುರಿತ ಸವಾರರೂ ಉಳಿಯುವುದು ಕಷ್ಟ.

ಹೆಲ್ಮೆಟ್ ಕುದುರೆ ಸವಾರಿಗಾಗಿಯೇ ಮಾಡಿದ್ದಾಗಿರಬೇಕು. ಸೈಕಲ್ಲಿನದು ನಡೆಯುವುದಿಲ್ಲ. ಒಳಗಿನ ಚೀಟಿಯಲ್ಲಿ ಇಎನ್ 1384, ಪಿಎಎಸ್ 015 ಅಥವಾ ಎಎಸ್‌ಟಿಎಂ ಎಫ್1163 ಎಂಬ ಸುರಕ್ಷತಾ ಮಾನದಂಡದ ಗುರುತು ಇದೆಯಾ ನೋಡಿ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಕೆಲಸಕ್ಕೆ ಬಾರದು. ಶಾಲೆಯ ಹೆಲ್ಮೆಟ್ ಎಷ್ಟು ಸಲ ಬಿದ್ದಿದೆ ಅಂತ ನಿಮಗೆ ಗೊತ್ತಾಗುವುದಿಲ್ಲ, ಹಾಗಾಗಿ ಮಗಳಿಗೆ ಸ್ವಂತದ್ದು ಕೊಡಿಸಿ. ಬೇರೆ ಖರ್ಚು ಮುಂದಕ್ಕೆ ಹಾಕಿದರೂ ಪರವಾಗಿಲ್ಲ. ಶೂಗೆ ಸಣ್ಣ ಹಿಮ್ಮಡಿ ಇರಬೇಕು, ಇಲ್ಲದಿದ್ದರೆ ಪಾದ ರಿಕಾಬಿನೊಳಗೆ ನುಗ್ಗಿ ಸಿಕ್ಕಿಕೊಳ್ಳುತ್ತದೆ. ಇಬ್ಬರೂ ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡಿದ್ದೀರಾ ನೋಡಿಕೊಳ್ಳಿ. ಆ ರೋಗಾಣು ಮಣ್ಣಿನಲ್ಲಿ, ಕುದುರೆ ಲದ್ದಿಯಲ್ಲಿ ಇದ್ದೇ ಇರುತ್ತದೆ.

ಇನ್ನು ಹಗ್ಗದ ಪಾಠ. ಹಗ್ಗ ಕಟ್ಟಿ ಸುತ್ತಿಸುವುದು ಕಾಲಹರಣ ಅಂತ ನಿಮಗೆ ಅನ್ನಿಸಿರಬಹುದು. ನನ್ನ ಕಣ್ಣಿಗೆ ಆ ಶಾಲೆಯ ಬಗ್ಗೆ ಭರವಸೆ ಹುಟ್ಟಿಸುವ ಮೊದಲ ಸಂಗತಿಯೇ ಅದು. ಶಿಕ್ಷಕರು ನಡುವೆ ನಿಂತು ಉದ್ದ ಹಗ್ಗದಲ್ಲಿ ಕುದುರೆಯನ್ನು ಸುಮಾರು 20 ಮೀಟರ್ ಅಗಲದ ವೃತ್ತದಲ್ಲಿ ನಡೆಸುತ್ತಾರೆ. ಕುದುರೆಯ ವೇಗ, ದಿಕ್ಕು ಅವರ ಕೈಯಲ್ಲಿ. ಮಗು ತನ್ನ ಮೈ ತೂಗಿಸಿಕೊಳ್ಳುವುದನ್ನು ಮಾತ್ರ ಕಲಿತರಾಯಿತು. ಇದನ್ನು ಕಲಿಯದ ಮಗು ಜಾರುವಾಗಲೆಲ್ಲ ಲಗಾಮು ಹಿಡಿದು ನೇತಾಡುತ್ತದೆ. ಲಗಾಮಿನ ಇನ್ನೊಂದು ತುದಿ ಇರುವುದು ಕುದುರೆಯ ಬಾಯಿಯ ಕಡಿವಾಣದಲ್ಲಿ, ಅಲ್ವಾ? ಬಾಯಿ ನೊಂದ ಕುದುರೆ ತಲೆ ಎಸೆಯುತ್ತದೆ, ಓಡುತ್ತದೆ. ಮಗು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಬೀಳುವುದು ಬಹುತೇಕ ಹೀಗೇ.

ಎರಡು ವಾರಕ್ಕೆ ಬೀಚಿನಲ್ಲಿ ಓಟ ಅನ್ನುವುದಕ್ಕೆ ನಾನು ಒಪ್ಪದಿರುವುದು ಇದಕ್ಕೇ. ಬೀಚಿಗೆ ಬೇಲಿಯಿಲ್ಲ. ಗಾಳಿ ಜೋರಿದ್ದರೆ ಕುದುರೆಗಳು ಮಾಮೂಲಿಗಿಂತ ಬೇಗ ಬೆದರುತ್ತವೆ. ಕುದುರೆಗೆ ಹೆಚ್ಚುಕಮ್ಮಿ ಸುತ್ತಲೂ ಕಾಣುತ್ತದೆ, ಆದ್ದರಿಂದ ಬದಿಯಲ್ಲಿ ಹಾರಿದ ಪ್ಲಾಸ್ಟಿಕ್ ಚೀಲ, ಹಿಂದಿನಿಂದ ಓಡಿಬಂದ ನಾಯಿ ಎಲ್ಲವೂ ಅದರ ಗಮನಕ್ಕೆ ಬರುತ್ತವೆ. ಕಾಲಡಿಯ ನೀರು ಹಿಂದಕ್ಕೆ ಸರಿಯುವಾಗ ನೆಲವೇ ಜರುಗಿದ ಹಾಗನ್ನಿಸಿ ಹೊಸ ಕುದುರೆಗಳು ಥಟ್ಟನೆ ಪಕ್ಕಕ್ಕೆ ಹಾರುವುದನ್ನು ನೋಡಿದ್ದೇನೆ. ಒಂದು ಓಡಿದರೆ ಉಳಿದವೂ ಹಿಂದೆ ಓಡುತ್ತವೆ. ಎರಡು ವಾರ ಕಲಿತ ಮಗುವಿಗೆ ಆಗ ನಿಲ್ಲಿಸಲು ಬರುವುದಿಲ್ಲ.

ನಿಮ್ಮ ಮುಂದೆ ಈಗ ಮೂರು ದಾರಿಯಿವೆ. ಬೀಚ್ ಶಾಲೆಗೇ ಸೇರಿಸಿ ಅವರ ಕ್ರಮದಲ್ಲೇ ಕಲಿಸುವುದು ಒಂದು. ಮಗಳಿಗೆ ಖುಷಿ, ಅಪಾಯವೂ ಜಾಸ್ತಿ. ನಾನಾದರೆ ಬೇಡ ಅನ್ನುತ್ತೇನೆ. ಎರಡನೆಯದು, ಅದೇ ಶಾಲೆಯಲ್ಲಿ 'ಮೊದಲು ಹಗ್ಗದ ಪಾಠ ಕೊಡಿ, ಬೀಚು ಆಮೇಲೆ' ಅಂತ ಕೇಳುವುದು. ಒಪ್ಪಿ, ಬೇಲಿಯ ಜಾಗವೊಂದನ್ನು ತೋರಿಸಿದರೆ, ಲಾಯವೂ ಚೆನ್ನಾಗಿದ್ದರೆ ಧಾರಾಳವಾಗಿ ಸೇರಿಸಿ. ಬೀಚಿನ ಪಕ್ಕ ಇದ್ದ ಮಾತ್ರಕ್ಕೆ ಶಾಲೆ ಕೆಟ್ಟದಲ್ಲ. ಮೂರನೆಯದು, ಒಳಗಿನ ಶಾಲೆಯಲ್ಲಿ ಅಡಿಪಾಯ ಹಾಕಿಸಿ, ನಂತರ ಬೀಚಿಗೆ ಕರೆದೊಯ್ಯುವುದು. ನಿಮ್ಮ ಪತ್ರದಲ್ಲಿರುವಷ್ಟು ವಿವರದ ಮೇಲೆ ನನ್ನ ಒಲವು ಇದರ ಕಡೆಗೆ. ಇದರಲ್ಲೂ ತೊಂದರೆಯಿಲ್ಲ ಅಂತಲ್ಲ. ಒಳಗಡೆ ಕಡಲಗಾಳಿ ಆಡುವುದಿಲ್ಲ, ಮರಗಳ ನಡುವಿನ ಅಂಗಳದಲ್ಲಿ ಸೆಕೆ ಇನ್ನೂ ಜಾಸ್ತಿ ಇರಬಹುದು. ಮಾಡಿನ ಕೆಳಗಿದ್ದರೆ ಗಾಳಿ ಹಾಯುತ್ತಾ ನೋಡಿ. ಮಗಳಿಗೆ ಬೇಜಾರಾಗಬಹುದು. ಅದಕ್ಕೆ ಮದ್ದು, ಪಾಠಕ್ಕೆ ಅರ್ಧ ಗಂಟೆ ಮುಂಚೆ ಹೋಗಿ ಕುದುರೆಯ ಮೈ ಉಜ್ಜಲು, ಗೊರಸು ಚೊಕ್ಕ ಮಾಡಲು, ಜೀನು ಕಟ್ಟಲು ಬಿಡುವಂತೆ ಕೇಳುವುದು. ಕುದುರೆ ಅಂದರೆ ಪ್ರಾಣ ಅನ್ನುವ ಮಕ್ಕಳಿಗೆ ಸವಾರಿಯಷ್ಟೇ ಇದೂ ಇಷ್ಟವಾಗುತ್ತದೆ.

ಬೀಚಿಗೆ ಯಾವಾಗ? ಬೇಲಿಯೊಳಗೆ ಹಗ್ಗವಿಲ್ಲದೆ ನಡಿಗೆ, ಟ್ರಾಟ್ (ಕುಲುಕು ಓಟ), ಕ್ಯಾಂಟರ್ (ಅದಕ್ಕಿಂತ ಜೋರಿನ ನೆಗೆತದ ಓಟ) ಮೂರರಿಂದಲೂ ಕುದುರೆಯನ್ನು ತಾನೇ ನಿಲ್ಲಿಸಲು ಬಂದ ಮೇಲೆ. ಅದಕ್ಕೆ ತಿಂಗಳುಗಳು ಬೇಕು, ಮಗುವಿನಿಂದ ಮಗುವಿಗೆ ವ್ಯತ್ಯಾಸ ಇದ್ದೇ ಇರುತ್ತದೆ. ಮೊದಲ ಕೆಲವು ಸಲ ಬರೀ ನಡಿಗೆ. ಬೀಚು ಕಂಡು ಅಭ್ಯಾಸವಿರುವ ವಯಸ್ಸಾದ ಕುದುರೆ, ಪಕ್ಕದಲ್ಲಿ ಇನ್ನೊಂದು ಕುದುರೆಯ ಮೇಲೆ ಶಿಕ್ಷಕರು. ನೀರು ಇಳಿಯುತ್ತಿರುವ ಹೊತ್ತು ಆರಿಸಿ, ಗಟ್ಟಿ ಮರಳು ಅಗಲವಾಗಿ ಸಿಗುತ್ತದೆ. ಹೋಗುವ ದಾರಿಯನ್ನು ಮೊದಲು ಯಾರಾದರೂ ನಡೆದು, ಗುಂಡಿ, ಹಗ್ಗ, ಬಲೆಯ ಚೂರು ಇದೆಯಾ ನೋಡಿರಬೇಕು.

ಕೊನೆಗೆ ನಿಮ್ಮ ವಿಷಯ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಶೇ. 20 ದಾಟಬಾರದು ಅನ್ನುವುದು ಎಲ್ಲೆಡೆ ಬಳಕೆಯಲ್ಲಿರುವ ಮಿತಿ. ಸೆಕೆ, ಮರಳು ಎರಡೂ ಇರುವ ಕಡೆ ಅದಕ್ಕಿಂತ ಕೆಳಗೇ ಇರಲಿ ಅನ್ನುತ್ತೇನೆ. ತೂಕದ ಯಂತ್ರ ಇಲ್ಲದಿದ್ದರೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ. ಅದನ್ನು ಭುಜದ ಮುಂತುದಿಯಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 175, ಉದ್ದ 155 ಇದ್ದರೆ ಸುಮಾರು 400 ಕಿಲೋ ಬರುತ್ತದೆ. ಅದರ ಶೇ. 20 ಅಂದರೆ 80 ಕಿಲೋ. ನೀವು 74, ಜೀನು 8 ಅಂದುಕೊಂಡರೂ 82 ಆಯಿತು. ಆ ಕುದುರೆ ನಿಮಗಲ್ಲ, 450 ಕಿಲೋ ಮೇಲಿನದ್ದು ಕೇಳಿ. ನೀವು ಕೇಳುವ ಮೊದಲೇ ನಿಮ್ಮ ತೂಕ ವಿಚಾರಿಸಿ, ತಕ್ಕ ಕುದುರೆ ಇಲ್ಲದಿದ್ದರೆ 'ಇಲ್ಲ' ಅಂತ ನೇರವಾಗಿ ಹೇಳುವ ಶಾಲೆ ಸಿಕ್ಕರೆ ಬೇಸರ ಮಾಡಿಕೊಳ್ಳಬೇಡಿ, ಮಗಳನ್ನು ಅಲ್ಲೇ ಸೇರಿಸಿ.